ಸಹಿ ಕೇಳುವ ಮೊದಲು ಡಾಕ್ಟರು ಏನು ಕೇಳಬೇಕು?

ಪ್ರಶ್ನೆ: ನಾನು ಮುಧೋಳ ತಾಲೂಕಿನವಳು, ಶಾಲಾ ಶಿಕ್ಷಕಿ. ಅಪ್ಪನಿಗೆ 74 ವರ್ಷವಾಗಿತ್ತು. ಬೀಡಿ ಸೇದಿ ಸೇದಿ ಶ್ವಾಸಕೋಶ ಹಾಳಾಗಿತ್ತು. ಎರಡು ವರ್ಷದಿಂದ ಮನೆಯಲ್ಲೇ ಆಕ್ಸಿಜನ್ ಇತ್ತು, ಬಚ್ಚಲಿಗೆ ಹೋಗಿ ಬರುವಷ್ಟೂ ದಮ್ಮು ಉಳಿದಿರಲಿಲ್ಲ. ಕಳೆದ ವರ್ಷ ನಿಮೋನಿಯಾ ಆಗಿ ಬೆಳಗಾವಿಯ ಒಂದು ಆಸ್ಪತ್ರೆಗೆ ಸೇರಿಸಿದೆವು. ಆ ರಾತ್ರಿಯೇ ಒಬ್ಬ ಯುವ ಡಾಕ್ಟರು ಐಸಿಯು ಬಾಗಿಲಲ್ಲಿ ನಿಂತು, "ವೆಂಟಿಲೇಟರ್ ಹಾಕೋದೋ ಬ್ಯಾಡೋ ಲಗೂನ ಹೇಳ್ರಿ, ಇಲ್ಲಿ ಸಹಿ ಮಾಡ್ರಿ" ಅಂದರು. ಅಣ್ಣ ಸಹಿ ಮಾಡಿದ. ಒಂಬತ್ತನೇ ದಿನ, "ಇನ್ನ ನಮ್ಮ ಕೈಯಾಗ ಇಲ್ಲ, ಒಯ್ಯೋದಿದ್ರ ಒಯ್ರಿ" ಅಂತ ಹೇಳಿ ಇನ್ನೊಂದು ಕಾಗದ ಕೊಟ್ಟರು. ಅದಕ್ಕೆ ಅವ್ವ ಸಹಿ ಮಾಡಿದಳು. ಊರು ಮುಟ್ಟಿದ ರಾತ್ರಿಯೇ ಅಪ್ಪ ತೀರಿಕೊಂಡರು. "ನಾ ಸಹಿ ಮಾಡಿದ್ದಕ್ಕ ಹ್ವಾದ್ರು" ಎಂದು ಅವ್ವ ಇವತ್ತಿಗೂ ಅಳುತ್ತಾಳೆ. ಡಾಕ್ಟರಿಗೆ ಮಾತಾಡುವುದನ್ನು ಕಲಿಸುವುದೇ ಇಲ್ಲವಾ? ಸ್ವಭಾವದಲ್ಲಿ ಇಲ್ಲದ್ದನ್ನು ಕಲಿಸೋಕೆ ಆಗುತ್ತಾ? ಅವ್ವನಿಗೆ ನಾನು ಏನು ಹೇಳಲಿ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಉಳಿದವು ಒಂದು ದಿನ ಕಾಯಬಹುದು, ಇದು ಕಾಯಬಾರದು.

ನಿಮ್ಮ ತಂದೆಯವರ ಜೀವ ಹೋದದ್ದು ಶ್ವಾಸಕೋಶದ ಕಾಯಿಲೆಯಿಂದ, ಸಹಿಯಿಂದ ಅಲ್ಲ. ವೆಂಟಿಲೇಟರ್ ಶ್ವಾಸಕೋಶವನ್ನು ರಿಪೇರಿ ಮಾಡುವುದಿಲ್ಲ. ಅದು ಗಾಳಿ ತಳ್ಳುತ್ತದೆ, ಅಷ್ಟೇ. ನಿಮೋನಿಯಾದಂಥ ವಾಸಿಯಾಗಬಲ್ಲ ಕಾಯಿಲೆಗೆ ಔಷಧ ಹತ್ತುವವರೆಗೆ ಸಮಯ ಕೊಡುತ್ತದೆ. ಅದರ ಕೆಳಗಿರುವ ಶ್ವಾಸಕೋಶ ವರ್ಷಗಟ್ಟಲೆ ಸವೆದಿದ್ದರೆ, ನಿಮೋನಿಯಾ ಇಳಿದರೂ ಮಷೀನು ತೆಗೆದ ಕೂಡಲೇ ಉಸಿರು ಮತ್ತೆ ಸೋಲಬಹುದು. ನೀವು ಬರೆದದ್ದನ್ನು ನೋಡಿದರೆ ಇಲ್ಲಿಯೂ ಹೀಗೇ ಆಗಿರುವಂತಿದೆ.

ಇನ್ನು ಆ ಎರಡನೇ ಕಾಗದ. ಬಹುಶಃ ಅದರಲ್ಲಿ "ವೈದ್ಯರ ಸಲಹೆಗೆ ವಿರುದ್ಧವಾಗಿ ರೋಗಿಯನ್ನು ಒಯ್ಯುತ್ತಿದ್ದೇವೆ" ಎಂದಿರುತ್ತದೆ. ಆಸ್ಪತ್ರೆಗಳಲ್ಲಿ ಇದಕ್ಕೆ "ಲಾಮಾ" ಎನ್ನುತ್ತಾರೆ. ಒಯ್ಯಿರಿ ಅಂತ ಡಾಕ್ಟರೇ ಹೇಳಿದ್ದರೂ, ಕಾಗದದ ಮೇಲೆ ಅದು ಮನೆಯವರ ಹಟದಂತೆ ಕಾಣುತ್ತದೆ. ಅವ್ವನಿಗೆ ಚುಚ್ಚುತ್ತಿರುವುದು ಇದೇ ಇರಬೇಕು. ಆ ಕಾಗದ ಇರುವುದು ಆಸ್ಪತ್ರೆಯ ಕಾನೂನು ರಕ್ಷಣೆಗೆ. ಅದು ಅವ್ವನ ತಪ್ಪಿನ ದಾಖಲೆ ಅಲ್ಲ. ಹೀಗಂತ ಬಿಡಿಸಿ ಹೇಳಿ, ಒಂದು ಸಲಕ್ಕೆ ಸಾಲದಿದ್ದರೆ ಮತ್ತೆ ಹೇಳಿ.

ಇನ್ನೊಂದು ಕೆಲಸ ಮಾಡಿ. ಆಸ್ಪತ್ರೆಯಿಂದ ಅಪ್ಪನ ಕೇಸ್ ಪೇಪರುಗಳ ಪ್ರತಿ ತರಿಸಿ. ರೋಗಿ ಅಥವಾ ಅವರ ಪರವಾಗಿ ಅಧಿಕಾರ ಇರುವವರು ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು ಎಂದು ವೈದ್ಯರ 2002ರ ನಡತೆ ನಿಯಮಗಳಲ್ಲೇ ಇದೆ. ಅದನ್ನು ನಿಮ್ಮ ಊರಿನಲ್ಲಿ ಅವ್ವ ನಂಬುವ ಡಾಕ್ಟರ ಹತ್ತಿರ ಒಯ್ಯಿರಿ. ಒಂಬತ್ತು ದಿನ ಏನೇನಾಯಿತು ಎಂದು ಅವ್ವನ ಮುಂದೆಯೇ ಓದಿ ಹೇಳಲು ಕೇಳಿ. ಮಗಳು ಹೇಳಿದರೆ ಸಮಾಧಾನಕ್ಕೆ ಹೇಳುತ್ತಾಳೆ ಎಂದುಕೊಳ್ಳುವ ತಾಯಿ, ಡಾಕ್ಟರು ಕಾಗದ ನೋಡಿ ಹೇಳಿದರೆ ನಂಬುತ್ತಾರೆ.

ಈಗ ಕಲಿಸುವ ವಿಷಯಕ್ಕೆ ಬರೋಣ. ನಾನು ಬೆಳಗಾವಿಯಲ್ಲಿ ಎಂ.ಡಿ. ಓದುವ ಡಾಕ್ಟರುಗಳಿಗೆ ಇದನ್ನೇ ಕಲಿಸುವವನು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಎಂ.ಬಿ.ಬಿ.ಎಸ್. ಪಠ್ಯದಲ್ಲಿ ಇದು ಬಂದಿದೆ, ಆದರೆ ತಡವಾಗಿ. ಭಾರತೀಯ ವೈದ್ಯಕೀಯ ಪರಿಷತ್ತು 2018ರಲ್ಲಿ ವೈದ್ಯರ ನಡವಳಿಕೆ, ನೀತಿ ಮತ್ತು ಸಂವಹನಕ್ಕೆಂದೇ "ಏಟ್ಕಾಮ್" ಎಂಬ ಪಾಠಗಳನ್ನು ತಂದಿತು. 2019ರಲ್ಲಿ ಸೇರಿದ ಬ್ಯಾಚಿನಿಂದ ಹೊಸ ಪಠ್ಯಕ್ರಮದ ಜೊತೆ ಅದು ಕಡ್ಡಾಯವಾಯಿತು. ಲೆಕ್ಕ ಹಾಕಿ ನೋಡಿ: ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಆ ಮೊದಲ ಬ್ಯಾಚಿನವರು ಈಗಷ್ಟೇ ಹೊರಗೆ ಬಂದಿದ್ದಾರೆ. ಇವತ್ತು ಐಸಿಯು ನಡೆಸುತ್ತಿರುವ ಹಿರಿಯ ಡಾಕ್ಟರುಗಳಲ್ಲಿ ಯಾರೂ ವಿದ್ಯಾರ್ಥಿಯಾಗಿದ್ದಾಗ ಇದನ್ನು ಓದಿದವರಲ್ಲ. ತಮ್ಮ ಮೇಲಿನವರು ಹೇಗೆ ಮಾತಾಡುತ್ತಿದ್ದರೋ ಅದನ್ನು ನೋಡಿ ಕಲಿತವರು. ಮೇಲಿನವರು ಒಳ್ಳೆಯವರಿದ್ದರೆ ಒಳ್ಳೆಯದು ಬಂತು. ಇಲ್ಲದಿದ್ದರೆ ಐಸಿಯು ಬಾಗಿಲು, ಫಾರ್ಮು, ಪೆನ್ನು.

ಹಾಲ್‌ನಲ್ಲಿ ನೂರೈವತ್ತು ಹುಡುಗರನ್ನು ಕೂರಿಸಿ "ಅನುಕಂಪದಿಂದ ಮಾತಾಡಿ" ಎಂದು ಸ್ಲೈಡ್ ತೋರಿಸಿದರೆ ಇದು ಬರುವುದಿಲ್ಲ. ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಸೂಜಿ ಹಾಕುವುದನ್ನು ಯಾರೂ ಪುಸ್ತಕ ಓದಿ ಕಲಿಯುವುದಿಲ್ಲ. ಮಾಡಬೇಕು, ಪಕ್ಕದಲ್ಲಿ ನಿಂತವರು ನೋಡಿ ತಿದ್ದಬೇಕು, ಮತ್ತೆ ಮಾಡಬೇಕು. ಕಷ್ಟದ ಮಾತೂ ಹಾಗೆಯೇ.

ನಮ್ಮಲ್ಲಿ ಹೇಗೆ ಕಲಿಸುತ್ತೇವೆ ನೋಡಿ. ಒಂದು ಸಣ್ಣ ರೂಮು, ನಾಲ್ಕೈದು ಜನ ಕಲಿಯುವವರು. ಐಸಿಯುದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಸಿಸ್ಟರ್ ಒಬ್ಬರು ರೋಗಿಯ ಮಗಳಾಗಿ ಕೂರುತ್ತಾರೆ. ಗೋಕಾಕದ ಕಡೆಯ ರೈತ ಕುಟುಂಬ, ತಂದೆಗೆ ನಿಮ್ಮ ಅಪ್ಪನಿಗಿದ್ದಂಥದೇ ಕಾಯಿಲೆ. ಎದುರಿಗೆ ಒಬ್ಬ ಯುವ ಡಾಕ್ಟರು.

"ಪೇಷಂಟ್ ರೆಸ್ಪಿರೇಟರಿ ಫೇಲ್ಯೂರ್‌ನ್ಯಾಗ ಅದಾರ. ಕಾರ್ಬನ್ ಡೈ ಆಕ್ಸೈಡ್ 95 ಐತಿ. ಇಂಟ್ಯುಬೇಟ್ ಮಾಡಬೇಕಾಗ್ತದ."

"ಅಂದ್ರ? ಅಪ್ಪ ಆರಾಮ ಆಗ್ತಾನೋ ಇಲ್ರೀ?"

"ಚಾನ್ಸ್ ಕಮ್ಮಿ ಐತಿ. ನೀವ ಡಿಸೈಡ್ ಮಾಡ್ರಿ."

"ನಾ ಹೆಂಗ ಡಿಸೈಡ್ ಮಾಡ್ಲ್ರೀ? ನಾವು ಓದಿಲ್ಲ ಬರದಿಲ್ಲ. ನೀವ ನಮ್ಮ ಪಾಲಿನ ದೇವ್ರು."

ಇಲ್ಲಿಗೆ ನಿಲ್ಲಿಸುತ್ತೇವೆ. "ಹೇಗೆ ಮಾತಾಡಿದೆ" ಎಂದು ಕೇಳುವುದಿಲ್ಲ, "ಈಗ ಒಳಗೆ ಏನಾಗುತ್ತಿದೆ" ಎಂದು ಕೇಳುತ್ತೇವೆ. ಬಹಳಷ್ಟು ಸಲ ಬರುವ ಉತ್ತರ, "ಹೆದರಿಕೆ ಆಗ್ತಿದೆ ಸರ್." ನಂಬರು, ಇಂಗ್ಲಿಷು, ಅವಸರ, ಇವೆಲ್ಲ ಆ ಹೆದರಿಕೆಯಿಂದಲೇ ಬರುತ್ತವೆ. ಹೊರಗಿನಿಂದ ನೋಡುವವರಿಗೆ ಅದು ಸೊಕ್ಕಿನಂತೆ ಕಾಣುತ್ತದೆ. ನಿಮ್ಮ ಅಪ್ಪನ ರಾತ್ರಿಯೂ ಹಾಗೇ ಇದ್ದಿರಬಹುದು. ಇದನ್ನು ಸಮರ್ಥನೆಗೆ ಹೇಳುತ್ತಿಲ್ಲ. ಹೆದರಿಕೆ ಆದರೆ ಅದಕ್ಕೆ ಅಭ್ಯಾಸದಲ್ಲಿ ಮದ್ದಿದೆ ಎಂದು ತೋರಿಸಲು ಹೇಳುತ್ತಿದ್ದೇನೆ.

ಆಮೇಲೆ ಅದೇ ಡಾಕ್ಟರು ಮತ್ತೆ ಶುರು ಮಾಡುತ್ತಾರೆ, ಒಂದೇ ಒಂದು ಬದಲಾವಣೆಯೊಂದಿಗೆ. ತಾನು ಹೇಳುವ ಮೊದಲು ಕೇಳಬೇಕು. "ಇಲ್ಲೀತನಕ ಅಪ್ಪನ ಜಡ್ಡಿನ ಬಗ್ಗೆ ನಿಮಗ ಏನೇನು ಹೇಳ್ಯಾರ, ಒಂದ್ಸಲ ಹೇಳ್ರಿ." ಸಿಸ್ಟರ್ ಹೇಳುತ್ತಾರೆ: "ಕಫ ಆಗೈತಿ, ಎರಡು ದಿನದಾಗ ಇಳೀತೈತಿ ಅಂದಾರ." ಆ ಹುಡುಗನ ಮುಖ ಆಗ ಬದಲಾಗುವುದನ್ನು ನೀವು ನೋಡಬೇಕು. ತಾನು ಸಾವಿನ ಹತ್ತಿರದ ಮಾತು ಆಡುತ್ತಿದ್ದೇನೆ, ಇವರು ಇನ್ನೂ ಕಫದಲ್ಲಿದ್ದಾರೆ ಎಂದು ಅವನಿಗೆ ಆಗ ತಿಳಿಯುತ್ತದೆ.

ಈಗ ಸಾವಕಾಶ ಹೇಳುತ್ತಾನೆ: "ನಿನ್ನೆಗಿಂತ ಇವತ್ತು ಜಡ್ಡು ಭಾಳ ಜಾಸ್ತಿ ಆಗೈತ್ರಿ. ಅಪ್ಪ ಈ ಸಲ ಉಳೀಲಿಕ್ಕಿಲ್ಲ ಅಂತ ನನಗ ಚಿಂತಿ ಆಗೈತಿ." ಅಷ್ಟು ಹೇಳಿ ಸುಮ್ಮನಾಗಬೇಕು. ನಮ್ಮ ಇಡೀ ತರಬೇತಿಯಲ್ಲಿ ಅತಿ ಕಷ್ಟದ್ದು ಇದೇ. ಸಿಸ್ಟರ್ ತಲೆ ತಗ್ಗಿಸಿ ಕೂತಿದ್ದಾರೆ. ಹುಡುಗನಿಗೆ ತಡೆಯಲಾಗುವುದಿಲ್ಲ, "ಆದ್ರ ಆಂಟಿಬಯಾಟಿಕ್ ಚೇಂಜ್ ಮಾಡೀವಿ..." ಎಂದು ಬಾಯಿ ಹಾಕುತ್ತಾನೆ. ಕೈ ಎತ್ತಿ ತಡೆಯುತ್ತೇವೆ. ಮತ್ತೊಮ್ಮೆ. ಈ ಸಲ ಸುಮ್ಮನಿರುತ್ತಾನೆ. ಸ್ವಲ್ಪ ಹೊತ್ತಿಗೆ ಮಗಳೇ ಮಾತಾಡುತ್ತಾಳೆ: "ಹ್ವಾದ ಸಲ ವೆಂಟಿಲೇಟರ್ ತಗದ ಮ್ಯಾಲ ಅಪ್ಪ ಅಂದಿದ್ದ, ಇನ್ನೊಮ್ಮಿ ಆ ಪೈಪು ಹಾಕಿಸಬ್ಯಾಡ್ರಿ ಅಂತ."

ನಿರ್ಧಾರಕ್ಕೆ ಬೇಕಾಗಿದ್ದು ಈ ಮಾತೇ. ಯಾವ ರಕ್ತ ಪರೀಕ್ಷೆಯಲ್ಲೂ ಇದು ಬರುವುದಿಲ್ಲ. ಡಾಕ್ಟರು ಬಾಯಿ ಮುಚ್ಚಿದ ಮೇಲೆ ಮಾತ್ರ ಬರುತ್ತದೆ. ಮೊದಲ ಸುತ್ತಿನಲ್ಲಿ ಅದೇ ಮಗಳು ಸಹಿ ಮಾಡಿಬಿಡುತ್ತಿದ್ದಳು, ಈ ಮಾತು ಹೊರಗೇ ಬರುತ್ತಿರಲಿಲ್ಲ.

ಈಗ ನಾನು ಎಲ್ಲಕ್ಕಿಂತ ಮುಖ್ಯ ಎಂದುಕೊಂಡಿರುವ ವಿಷಯ. "ನಿರ್ಧಾರ ನಿಮ್ಮದು" ಎಂದು ಮನೆಯವರ ಮೇಲೆ ಬಿಟ್ಟುಬಿಡುವುದು ಗೌರವ ಅಲ್ಲ. ಅದು ಕೈ ಬಿಡುವುದು. ಜೀವ ಉಳಿಸುವ ತುರ್ತು ಬಿಟ್ಟರೆ ಒಪ್ಪಿಗೆ ಇಲ್ಲದೆ ಏನೂ ಮಾಡುವಂತಿಲ್ಲ, ಅದು ಸರಿ. ಸುಪ್ರೀಂ ಕೋರ್ಟು 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಅದನ್ನು ಸ್ಪಷ್ಟವಾಗಿ ಹೇಳಿದೆ. ಆದರೆ ಒಪ್ಪಿಗೆ ಕೇಳುವ ಮೊದಲು ಡಾಕ್ಟರು ತಮ್ಮ ಸಲಹೆ ಏನು ಎಂದು ಹೇಳಬೇಕು. ರೋಗಿ ಎಂಥ ಮನುಷ್ಯ, ಏನನ್ನು ಸಹಿಸುತ್ತಾರೆ, ಏನನ್ನು ಸಹಿಸಲ್ಲ ಎಂಬುದು ಮನೆಯವರಿಗೆ ಗೊತ್ತು. ಯಾವ ಚಿಕಿತ್ಸೆ ಅವರನ್ನು ಅಲ್ಲಿಗೆ ಮುಟ್ಟಿಸಬಲ್ಲದು ಎಂಬುದು ಡಾಕ್ಟರಿಗೆ ಗೊತ್ತು. ಎರಡೂ ಸೇರಿಸಿ ಡಾಕ್ಟರು ಬಾಯಿ ಬಿಟ್ಟು ಹೇಳಬೇಕು: "ಅಪ್ಪ ಹಂಗ ಅಂದಿದ್ರ ನನ್ನ ಸಲಹಾ ಇಷ್ಟ: ಪೈಪು ಬ್ಯಾಡ. ಮುಖಕ್ಕ ಮಾಸ್ಕ್ ಹಾಕಿ ಉಸಿರಿಗೆ ಆಸರ ಕೊಡೂಣು, ಔಷಧ ನಡೀಲಿ, ದಮ್ಮು ಕಮ್ಮಿ ಆಗೂ ಹಂಗ ನೋಡ್ಕೋತೀವಿ. ನಿಮಗ ಹೆಂಗ ಅನಸ್ತೈತಿ?" ಹೀಗೆ ಹೇಳಿದರೆ ಭಾರ ಹಂಚಿಹೋಗುತ್ತದೆ. ಮುಂದೆ ಯಾವ ತಾಯಿಯೂ "ನಾನೇ ಮಾಡಿದೆ" ಎಂದು ಒಬ್ಬಳೇ ಹೊರುವುದಿಲ್ಲ.

ವೆಂಟಿಲೇಟರ್ ಹಾಕುವುದೇ ಸರಿ ಎನಿಸಿದ್ದರೂ ಇನ್ನೊಂದು ಮಾತು ಹೇಳಬಹುದಿತ್ತು: "ಐದು ದಿನ ನೋಡೂಣು. ಐದನೇ ದಿನ ಮತ್ತ ಕೂಡೂಣು. ಇಷ್ಟಿಷ್ಟು ಸುಧಾರಿಸಿದ್ರ ಮುಂದ, ಇಲ್ಲಾಂದ್ರ ಬ್ಯಾರೆ ವಿಚಾರ ಮಾಡೂಣು." ಗಡುವು ಹಾಕಿ ನೋಡುವ ಈ ಕ್ರಮ ಇಂಥ ರೋಗಿಗಳಿಗೆ ಬಹಳ ಹೊಂದುತ್ತದೆ. ಹಾಗೆ ಹೇಳಿದ್ದರೆ ಒಂಬತ್ತನೇ ದಿನ ನಿಮಗೆ ಸಿಡಿಲಿನ ಹಾಗೆ ಎರಗುತ್ತಿರಲಿಲ್ಲ, ಅಲ್ವಾ?

ಕಲಿಸಿದರೆ ಫಲ ಇದೆಯಾ ಎಂಬುದಕ್ಕೆ ಅಧ್ಯಯನಗಳೂ ಇವೆ. ಬ್ರಿಟನ್ನಿನಲ್ಲಿ 160 ಕ್ಯಾನ್ಸರ್ ತಜ್ಞರ ಮೇಲೆ ನಡೆದ, 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೂರು ದಿನದ ಕೋರ್ಸು ಮಾಡಿದವರ ಮಾತಿನ ರೀತಿ ಬದಲಾಯಿತು. ಅವರಲ್ಲಿ ಹಿರಿಯರೂ ಇದ್ದರು. ಅನುಭವ ಇದ್ದ ಮಾತ್ರಕ್ಕೆ ಇದು ತಾನಾಗಿ ಬರುವುದಿಲ್ಲ, ವಯಸ್ಸಾದ ಮೇಲೂ ಕಲಿಯಬಹುದು ಎಂಬ ಎರಡೂ ಅದರಿಂದ ಗೊತ್ತಾಯಿತು. ಫ್ರಾನ್ಸಿನ 22 ಐಸಿಯುಗಳಲ್ಲಿ ನಡೆದ 2007ರ ಅಧ್ಯಯನ ನನಗೆ ಇನ್ನೂ ಹತ್ತಿರದ್ದು. ಸಾವು ಹತ್ತಿರವಿದ್ದ ರೋಗಿಗಳ ಮನೆಯವರ ಜೊತೆ ಡಾಕ್ಟರುಗಳು ಒಂದು ಕ್ರಮದಲ್ಲಿ ಕೂತು ಮಾತಾಡಿದರು, ಒಂದು ಪುಸ್ತಿಕೆಯನ್ನೂ ಕೊಟ್ಟರು. ಮಾಮೂಲಿ ಸಭೆ 20 ನಿಮಿಷ ನಡೆದರೆ ಇದು 30 ನಿಮಿಷ. ಮನೆಯವರು ಮಾತಾಡಿದ ಹೊತ್ತು 5 ನಿಮಿಷದಿಂದ 14ಕ್ಕೆ ಏರಿತು. ಮೂರು ತಿಂಗಳ ನಂತರ ವಿಚಾರಿಸಿದಾಗ ಈ ಮನೆಗಳವರಲ್ಲಿ ಆತಂಕ, ಖಿನ್ನತೆ, ಆ ದಿನಗಳು ಕಣ್ಣಿಗೆ ಕಟ್ಟಿ ಕಾಡುವುದು ಎಲ್ಲವೂ ಕಡಿಮೆ ಇತ್ತು. ಹೆಚ್ಚಿಗೆ ಹಿಡಿದದ್ದು ಹತ್ತೇ ನಿಮಿಷ. "ನಮಗೆ ಟೈಮೆಲ್ಲಿದೆ" ಎನ್ನುವ ನನ್ನ ಸಹೋದ್ಯೋಗಿಗಳಿಗೆ ಇದನ್ನು ಮತ್ತೆ ಮತ್ತೆ ಹೇಳುತ್ತೇನೆ.

ಎಲ್ಲ ತರಬೇತಿಯೂ ಫಲ ಕೊಡುತ್ತದೆ ಎಂದಲ್ಲ. 2013ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ ಕಲಿಯುವ ಡಾಕ್ಟರುಗಳಿಗೆ ನಟರನ್ನು ಕೂರಿಸಿ ಅಭ್ಯಾಸ ಮಾಡಿಸಿದರು. ಆಮೇಲೆ ಅವರ ನಿಜವಾದ ರೋಗಿಗಳನ್ನು ಕೇಳಿದರೆ ಮಾತು ಸುಧಾರಿಸಿದೆ ಎಂದು ಅವರಿಗೆ ಅನ್ನಿಸಿರಲಿಲ್ಲ. ನನ್ನ ಅಭಿಪ್ರಾಯದಲ್ಲಿ ರೂಮಿನಲ್ಲಿ ಕಲಿತದ್ದನ್ನು ವಾರ್ಡಿನಲ್ಲಿ ಹಿರಿಯರು ಪಕ್ಕದಲ್ಲಿ ಕೂತು ನೋಡದಿದ್ದರೆ ಅದು ರೂಮಿನಲ್ಲೇ ಉಳಿಯುತ್ತದೆ. ರಾತ್ರಿ ಡ್ಯೂಟಿಯಲ್ಲಿ ಒಬ್ಬನೇ ಇರುವ ಹುಡುಗನಿಗೆ ಫೋನು ಮಾಡಿ ಕೇಳಲು ಒಬ್ಬ ಹಿರಿಯರಾದರೂ ಇರಬೇಕು. ಐಸಿಯು ಪಕ್ಕದಲ್ಲಿ ನಾಲ್ಕು ಕುರ್ಚಿ ಹಿಡಿಯುವ, ಬಾಗಿಲು ಹಾಕಿಕೊಳ್ಳಲು ಬರುವ ಒಂದು ರೂಮು ಬೇಕು. ಅಷ್ಟೂ ಇಲ್ಲದ ಆಸ್ಪತ್ರೆ ಡಾಕ್ಟರನ್ನು ಎಷ್ಟು ಕೋರ್ಸಿಗೆ ಕಳಿಸಿದರೂ ಅಷ್ಟೇ.

ನಮ್ಮ ಕಡೆಯ ಎರಡು ತೊಡಕುಗಳು ಬೇರೆಯವರ ಕೋರ್ಸುಗಳಲ್ಲಿ ಇರುವುದಿಲ್ಲ. ಒಂದು ಭಾಷೆ. ಬೆಳಗಾವಿಯಲ್ಲಿ ಮರಾಠಿ, ವಿಜಯಪುರದಲ್ಲಿ ಉರ್ದು, ತಾಂಡಾಗಳಿಂದ ಬರುವವರ ಲಂಬಾಣಿ, ಬಾಗಲಕೋಟೆಯಲ್ಲಿ ನಮ್ಮ ಜವಾರಿ ಕನ್ನಡ. ಡಾಕ್ಟರು ಮಾತ್ರ ಕೇರಳ, ರಾಜಸ್ಥಾನ, ದಿಲ್ಲಿಯಿಂದ ಬಂದವರು. ಮೊದಲ ವರ್ಷದ ಆರಂಭದಲ್ಲಿ ಊರಿನ ಭಾಷೆ ಕಲಿಸಬೇಕೆಂಬ ಪಾಠ ಇದೆ, ಆದರೆ "ಎಲ್ಲಿ ನೋವೈತಿ" ಎಂದು ಕೇಳುವಷ್ಟು ಭಾಷೆ ಇಂಥ ಮಾತಿಗೆ ಸಾಲದು. ಅಂಥವರು ಒಬ್ಬ ಸಿಸ್ಟರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾತಾಡಬೇಕು. ವಾರ್ಡ್‌ಬಾಯ್ ಕೈಲಿ, ಅದಕ್ಕಿಂತ ಹೆಚ್ಚಾಗಿ ರೋಗಿಯ ಹತ್ತನೇ ಕ್ಲಾಸಿನ ಮೊಮ್ಮಗಳ ಕೈಲಿ ಹೇಳಿಸಬಾರದು.

ಇನ್ನೊಂದು, "ಅವ್ರ ಮುಂದ ಹೇಳಬ್ಯಾಡ್ರಿ". ಪ್ರೀತಿಯಿಂದಲೇ ಬರುವ ಮಾತು. ಅದಕ್ಕೆ ಸಿಟ್ಟಾಗಬಾರದು, ಪೂರ್ತಿ ಒಪ್ಪಲೂಬಾರದು. ಮೊದಲು, ಹೇಳಿದರೆ ಏನಾಗುತ್ತದೆಂಬ ಭಯ ನಿಮಗೆ ಎಂದು ಕೇಳಬೇಕು. ಆಮೇಲೆ: "ನಾನಾಗಿ ಹೇಳಂಗಿಲ್ರಿ. ಆದ್ರ ಅವ್ರ ಕೇಳಿದ್ರ ಸುಳ್ಳು ಹೇಳಾಕ ಬರಂಗಿಲ್ಲ." ನಂತರ ರೋಗಿಯ ಹತ್ತಿರ ಕೂತು, "ನಿಮ್ಮ ಜಡ್ಡಿನ ವಿಷಯ ಎಲ್ಲಾ ನಿಮ್ಮ ಮುಂದ ಹೇಳ್ಲ್ಯೋ, ಮಗನ ಮುಂದ ಹೇಳಿದ್ರ ಸಾಕೋ?" ಎಂದು ಕೇಳಬೇಕು. "ಮಗನ ಮುಂದ ಹೇಳ್ರಿ" ಎಂದು ಅವರೇ ಹೇಳಿದರೆ ಅದು ಅವರ ನಿರ್ಧಾರ. ಆದರೆ ಎಷ್ಟೋ ಸಲ ರೋಗಿಗೆ ಆಗಲೇ ಗೊತ್ತಿರುತ್ತದೆ. ಮಕ್ಕಳಿಗೆ ದುಃಖವಾದೀತು ಎಂದು ಅವರೂ ಬಚ್ಚಿಟ್ಟಿರುತ್ತಾರೆ. ಕಾಯಿಲೆಯನ್ನು ದೊಡ್ಡದು ಮಾಡಿ ಹೇಳಬಾರದು, ಸಣ್ಣದು ಮಾಡಿಯೂ ಹೇಳಬಾರದು ಎಂದು ಆ 2002ರ ನಿಯಮಗಳಲ್ಲೇ ಇದೆ.

ಕಾನೂನಿನ ಬಗ್ಗೆ ನೀವು ಕೇಳಿಲ್ಲ, ಆದರೆ ಆ ಎರಡನೇ ಕಾಗದಕ್ಕೆ ಸಂಬಂಧ ಇರುವುದರಿಂದ ಹೇಳುತ್ತೇನೆ. ಉಪಯೋಗವಿಲ್ಲದ ಚಿಕಿತ್ಸೆ ನಿಲ್ಲಿಸಬೇಕೆಂದರೆ ಲಾಮಾ ಸಹಿ ಹಾಕಿ ಆಂಬುಲೆನ್ಸಿನಲ್ಲಿ ಒಯ್ಯುವುದೊಂದೇ ದಾರಿ ಅಲ್ಲ. ಸುಪ್ರೀಂ ಕೋರ್ಟು 2018ರ ಮಾರ್ಚಿನಲ್ಲಿ ಘನತೆಯಿಂದ ಸಾಯುವ ಹಕ್ಕನ್ನು ಒಪ್ಪಿತು, 2023ರ ಜನವರಿಯಲ್ಲಿ ಕ್ರಮವನ್ನು ಸರಳ ಮಾಡಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ಜಾರಿ ಮಾಡುವ ಆದೇಶ ಹೊರಡಿಸಿತು. ಆಸ್ಪತ್ರೆಯಲ್ಲೇ ಮೂರು ಡಾಕ್ಟರುಗಳ ಒಂದು ಮಂಡಳಿ ನೋಡುತ್ತದೆ, ಇನ್ನು ಮೂವರ ಎರಡನೇ ಮಂಡಳಿ ಮತ್ತೆ ನೋಡುತ್ತದೆ. ಮನೆಯವರ ಒಪ್ಪಿಗೆಯೂ ಬೇಕು. ಆಮೇಲೆ ಮಷೀನು ನಿಲ್ಲಿಸಿ, ನೋವು ದಮ್ಮು ಆಗದಂತೆ ಆಸ್ಪತ್ರೆಯವರೇ ನೋಡಿಕೊಳ್ಳಬಹುದು. ಮನೆಗೇ ಒಯ್ಯಬೇಕು ಎಂದರೂ ಬೇಕಾದ ಔಷಧ, ದಾರಿಗೆ ಆಕ್ಸಿಜನ್, ಕರೆ ಮಾಡಲು ಒಂದು ನಂಬರು ಕೊಟ್ಟು ಕಳಿಸಬೇಕು. ಯಾರಿಗಾದರೂ ತಮ್ಮ ಇಷ್ಟವನ್ನು ಮೊದಲೇ ಬರೆದಿಡಬೇಕೆನಿಸಿದರೆ ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಬೇಕು.

ಡಾಕ್ಟರುಗಳೆಲ್ಲ ಕಲಿಯುವವರೆಗೆ ಮನೆಯವರು ಸುಮ್ಮನೆ ಕೂರಬೇಕಿಲ್ಲ. ಮುಂದೆ ನಿಮ್ಮ ಮನೆಯಲ್ಲೋ ಓಣಿಯಲ್ಲೋ ಯಾರಿಗಾದರೂ ಇಂಥ ಹೊತ್ತು ಬಂದರೆ ಹೀಗೆ ಕೇಳಿ: "ಇದನ್ನು ಹಾಕಿದರೆ ಎಲ್ಲ ಸರಿ ಹೋದರೆ ಹೇಗಿರುತ್ತಾರೆ, ಕೆಟ್ಟರೆ ಹೇಗಿರುತ್ತಾರೆ, ನಿಮಗೆ ಯಾವುದು ಹೆಚ್ಚು ಅನಿಸುತ್ತೆ? ಎಷ್ಟು ದಿನ ನೋಡಿ ಮತ್ತೆ ಕೂತು ಮಾತಾಡೋಣ? ನಿಮ್ಮ ಸಲಹೆ ಏನು, ಯಾಕೆ?" ಬಿರುಸಾಗಿ ಕೇಳಬೇಕಿಲ್ಲ, ಕೂತು ಕೇಳಿ. ಡಾಕ್ಟರನ್ನೂ ಕೂರಲು ಹೇಳಿ. ಮನೆಯಿಂದ ಒಬ್ಬರೇ ಮಾತಾಡಿ. ಮಿರಜದಿಂದ ಮಾವ, ಪುಣೆಯಿಂದ ಅಳಿಯ ಬಂದು ಬೇರೆ ಬೇರೆ ಕೇಳಿದರೆ ಬೇರೆ ಬೇರೆ ಉತ್ತರ ಸಿಗುತ್ತದೆ. ಆ ಒಬ್ಬರ ಹೆಸರು, ಫೋನ್ ನಂಬರನ್ನು ಐಸಿಯು ಸಿಸ್ಟರ್ ಹತ್ತಿರ ಬರೆಸಿಡಿ. ಡಾಕ್ಟರು ಹೇಳಿದ್ದನ್ನು ತಾರೀಖು ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ರಾತ್ರಿ ಪಾಳಿಯ ಡಾಕ್ಟರು ಬದಲಾದರೆ ಮಾತು ಆ ನೋಟ್‌ಬುಕ್ಕಿನಿಂದ ಮುಂದುವರಿಯಲಿ.